ಹಾಡಿನ ಡಬ್ಬಿ ಮತ್ತು ಅಕ್ಕನ ಚಿಪ್

ಒಂದು ಹಾಡಿನ ಡಬ್ಬಿ ಕೊಳ್ಳಲು ನಾನು ಹದಿನೈದು ದಿನ ತಲೆ ಕೆಡಿಸಿಕೊಂಡೆ. ನನ್ನನ್ನು ನೋಡಲು ಬಂದಾಗಲೂ ಇವರು ಇಷ್ಟು ವಿಚಾರ ಮಾಡಿರಲಿಲ್ಲ ಎಂದು ಹೆಂಡತಿ ಆಡಿಕೊಂಡಳು. ಆಡಿಕೊಳ್ಳಲಿ. ನನ್ನ ಸಂಕಟ ನನಗೆ ಗೊತ್ತು. ಹಿಂದಿನ ವರ್ಷ ಆಫೀಸಿನವರೆಲ್ಲ ಕೂಡಿ ಸಾಣಾಪುರದ ಕೆರೆಗೆ ಹೋದಾಗ ಹಾಡಿನ ವ್ಯವಸ್ಥೆ ನನ್ನದಾಗಿತ್ತು. ಮಗಳ ಹತ್ತಿರವಿದ್ದ ಅಂಗೈಯಗಲದ ಬ್ಲೂಟೂತ್ ಸ್ಪೀಕರನ್ನು ಒಯ್ದಿದ್ದೆ. ಆಚೆ ಬಂಡೆಯ ಮೇಲೆ ಕುಳಿತಿದ್ದ ಯಾರದೋ ಸ್ಪೀಕರಿನ ಮುಂದೆ ನಮ್ಮದು ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳಿಸಿತು. ಮುಂದಿನ ಸಲ ಇವರನ್ನು ಹಾಡಿಗೆ ಹಚ್ಚಬೇಡಿ, ಚಹಾ ಕಾಸಲು ಹಚ್ಚಿರಿ ಎಂದು ನಮ್ಮ ಸಾಹೇಬರು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಶೇಂಗಾ ಸಿಪ್ಪೆಯ ಹಾಗೆ ವರ್ಷವಿಡೀ ಕಾಡಿತು.

ನಾನು ಕೊಪ್ಪಳದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಭಾಗ್ಯನಗರದಲ್ಲಿ ಎರಡು ಕೋಣೆಯ ಸ್ವಂತ ಮನೆ. ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಕಿರಾಣಿ ಅಂಗಡಿಗೂ ಹೋಗುವವನಲ್ಲ. ಕಾಲರ್ ಒಂದು ಚೂರು ಮಾಸಿದ್ದರೆ ಹೆಂಡತಿಯ ಮೇಲೆ ಹರಿಹಾಯುತ್ತೇನೆ. ಇದನ್ನೇನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಮುಂದೆ ಬರುವ ಮಾತಿಗೆ ಇದು ಗೊತ್ತಿರಬೇಕು, ಅದಕ್ಕೆ ಹೇಳಿದೆ.

ಈ ಸಲದ ಬೇಸಿಗೆ ರಜೆಗೆ ಆಫೀಸಿನ ನಾಲ್ಕು ಮನೆಯವರು ಕೂಡಿ ಒಂದು ಟಿಟಿ ಗಾಡಿ ಮಾಡಿಕೊಂಡು ಗೋಕರ್ಣ, ಮುರುಡೇಶ್ವರ ನೋಡಿಬರುವುದೆಂದು ಗೊತ್ತಾಯಿತು. ಹಾಡು ಹಚ್ಚಿದರೆ ಜನ ಸೀಟಿನ ಮೇಲೆ ಕುಣಿದು ರೆಕ್ಸಿನ್ ಹರಿಯುತ್ತಾರೆಂದು ಗಾಡಿಯ ಮಾಲೀಕ ಒಳಗಿನ ಸ್ಪೀಕರ್‌ಗಳನ್ನೆಲ್ಲ ಕಿತ್ತಿಟ್ಟಿದ್ದ. ನಾನು ಎದೆ ಮುಂದೆ ಮಾಡಿ, ಹಾಡಿನ ಡಬ್ಬಿ ನನ್ನ ಜವಾಬ್ದಾರಿ ಎಂದೆ. ಸಾಹೇಬರು ನನ್ನ ಮುಖ ನೋಡಿ ಮತ್ತೆ ನಕ್ಕರು.

ಗಾಡಿಯಲ್ಲಿ ಒಂದು ಸೀಟು ಉಳಿದಿತ್ತು. ಅಕ್ಕನನ್ನು ಕರೆಯೋಣ, ಅವರು ಸಮುದ್ರ ನೋಡಿಲ್ಲ ಎಂದು ಹೆಂಡತಿ ಅಂದಳು. ನನ್ನ ಬಾಯಿಂದ ಹೂಂ ಬರಲು ಎರಡು ದಿನ ಬೇಕಾಯಿತು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಯಲಬುರ್ಗಾದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಆಕೆಯ ಗಂಡನದು ಎರೆಹೊಲ, ಒಂದು ಜೋಡಿ ಎತ್ತು. ನಾಟಿ ಹಂಗಾಮು ಬಂತೆಂದರೆ ಅಕ್ಕ ಊರಿನ ಹೆಂಗಸರ ಜೊತೆ ಟೆಂಪೋ ಏರಿ ಗಂಗಾವತಿ ಕಡೆಯ ನೀರಾವರಿ ಗದ್ದೆಗಳಿಗೆ ಬತ್ತದ ಸಸಿ ಹಚ್ಚಲು ಹೋಗುತ್ತಾಳೆ. ನನ್ನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ಆಕೆ. ಅಂಥವಳನ್ನು ನಮ್ಮ ಆಫೀಸಿನವರ ನಡುವೆ ಕೂಡಿಸಿಕೊಂಡು ಮೂರು ದಿನ ಕಳೆಯುವುದು ಹೇಗೆ ಎಂದು ನಾನು ಎಣಿಕೆ ಹಾಕಿದೆ. ಆಕೆ ಜೋರಾಗಿ ಮಾತಾಡುತ್ತಾಳೆ, ನಗು ಬಂದರೆ ತೊಡೆ ಬಡಿದು ನಗುತ್ತಾಳೆ, ಹೆಸರು ಹಿಡಿದು ಕರೆಯದೆ ಸಣ್ಣಂದಿನ ಅಡ್ಡಹೆಸರಿನಿಂದ ನನ್ನನ್ನು ಕರೆಯುತ್ತಾಳೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ, ಇದನ್ನೆಲ್ಲ ಎರಡು ದಿನ ತೂಗಿ ನೋಡಿದೆ.

ಅಕ್ಕ ಎರಡು ದಿನ ಮೊದಲೇ ಬಂದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ಎಲ್ಲ ಕಟ್ಟಿಕೊಂಡು, ಗಾಡಿಯ ಅಷ್ಟೂ ಜನರಿಗೆ ಸಾಲುವಷ್ಟು ಬುತ್ತಿ ತಂದಿದ್ದಳು. ಕೈಕಾಲು ತೊಳೆದು ಕುಳಿತವಳೇ ಸೆರಗಿನ ತುದಿಯ ಗಂಟು ಬಿಚ್ಚಿ ಉಗುರಿನಷ್ಟಗಲದ ಮೆಮೊರಿ ಕಾರ್ಡ್ ತೆಗೆದಳು. ನಮ್ಮ ಕಡೆ ಅದಕ್ಕೆ ಚಿಪ್ ಎನ್ನುತ್ತಾರೆ. ಆ ಊರ ಶಾಲೆಯ ಟೀಚರೊಬ್ಬರು ಈ ನಾಟಿ ಹೆಂಗಸರ ಪದಗಳನ್ನು ಫೋನಿನಲ್ಲಿ ಹಿಡಿದು, ಚಿಪ್ಪಿಗೆ ತುಂಬಿಸಿ ಕೊಟ್ಟಿದ್ದರಂತೆ.

ಆ ಪದಗಳ ವಿಷಯ ಇಲ್ಲಿ ಹೇಳಬೇಕು. ಸಸಿ ಹಚ್ಚುವಾಗ ಹೆಂಗಸರು ಸಾಲಾಗಿ ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತ ಹಾಡುತ್ತಾರೆ. ಪಲ್ಲವಿ ಎಲ್ಲರದು. ಆಮೇಲೆ ಒಬ್ಬೊಬ್ಬಳೂ ತನ್ನ ಸರತಿ ಬಂದಾಗ ತವರಿನ ಮೇಲೆ ಒಂದು ನುಡಿ ಕಟ್ಟಿ ಹಾಡಬೇಕು. ಅಣ್ಣನೋ ತಮ್ಮನೋ ಅದರಲ್ಲಿ ಬರಲೇಬೇಕು. ತಮ್ಮನನ್ನು ಹೊಗಳುವುದಕ್ಕಿಂತ ಕಾಲೆಳೆಯುವುದೇ ಹೆಚ್ಚು. ಕಾಲೆಳೆದಷ್ಟೂ ಪ್ರೀತಿ ಜಾಸ್ತಿ ಎಂದು ಲೆಕ್ಕ. ತಮ್ಮನಿಲ್ಲದ ನುಡಿ ಹಾಡಿದವಳನ್ನು, ತವರಿಗೆ ಎರವಾದೆಯೇನೇ ಎಂದು ಉಳಿದವರು ಕೆಣಕುತ್ತಾರೆ.

ಅಕ್ಕ ಆ ಚಿಪ್ಪನ್ನು ನನಗೆ ತೋರಿಸಿ ಹೇಳಿದಳು: "ಸಮುದ್ರಕ್ಕ ನಿಮ್ಮ ದನಿ ಕೇಳಿಸಿ ಬರ್ತೀನಿ ಅಂತ ಎಲ್ಲಾರಿಗೂ ಮಾತು ಕೊಟ್ಟು ಬಂದೀನೋ ತಮ್ಮ. ಒಂದ ಪದ ಹಚ್ಚಿದ್ರ ಸಾಕು."

ಅಷ್ಟೇ ಆಕೆ ಕೇಳಿದ್ದು. ಬಟ್ಟೆ ಕೊಡಿಸು ಎನ್ನಲಿಲ್ಲ, ಕಿಟಕಿಯ ಪಕ್ಕ ಕೂಡಿಸು ಎನ್ನಲಿಲ್ಲ.

ಅಂದು ಸಂಜೆ ಆಕೆಯನ್ನೂ ಕರೆದುಕೊಂಡು ಬಸ್ ಸ್ಟ್ಯಾಂಡ್ ಕಡೆಯ ಅಂಗಡಿಗೆ ಹೋದೆ. ಅಷ್ಟರಲ್ಲಿ ನಾನು ಈ ವಿಷಯದಲ್ಲಿ ಪಂಡಿತನಾಗಿದ್ದೆ. ಎಷ್ಟು ವ್ಯಾಟು, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ತಾಸು, ನೀರು ಸಿಡಿದರೆ ತಡೆಯುತ್ತದೋ ಇಲ್ಲವೋ, ಎಲ್ಲ ಫೋನಿನಲ್ಲಿ ನೋಡಿ ಬಾಯಿಪಾಠ ಮಾಡಿದ್ದೆ. ಹಿಂದಿನ ಭಾನುವಾರ ಗಂಗಾವತಿಗೂ ಹೋಗಿ ಮೂರು ಅಂಗಡಿ ಅಲೆದು ಬಂದಿದ್ದೆ. ಅಂಗಡಿಯವನು ಒಂದೊಂದಾಗಿ ತೆಗೆದು ಗಾಜಿನ ಮೇಲಿಟ್ಟ. ಒಂದರ ದನಿ ದೊಡ್ಡದು, ಆದರೆ ಡಬ್ಬಿಯೊಳಗೆ ಕಲ್ಲು ಹಾಕಿ ಅಲುಗಿಸಿದ ಹಾಗೆ. ಇನ್ನೊಂದರ ತುಂಬ ಬಣ್ಣಬಣ್ಣದ ಲೈಟು, ಗಣಪತಿ ಕೂಡಿಸುವ ಮಂಟಪದಂತೆ. ಮೂರನೆಯದು ಕೆಂಪನೆಯದು, ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ ಇತ್ತು. ದನಿ ಬೆಣ್ಣೆಯಂತಿತ್ತು. ಇದನ್ನೇ ಮುಗಿಸಿಬಿಡೋಣ ಎನ್ನುವಷ್ಟರಲ್ಲಿ ಅಕ್ಕ ಸ್ಟೂಲಿನಿಂದ ಎದ್ದು ಬಂದು, ನಮ್ಮ ಚಿಪ್ಪನ್ನು ಇದಕ್ಕೆ ಹಾಕಿ ನೋಡಿರೆಂದು ಅಂಗಡಿಯವನಿಗೇ ಕೊಟ್ಟಳು.

ಅಂಗಡಿಯ ತುಂಬ ಅಕ್ಕನ ದನಿ ಎದ್ದಿತು. ನನಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಆ ದನಿ ಕೇಳುತ್ತಲೇ ನಾನು ಮಲಗಿದವನು, ಎದ್ದವನು. ಹಿಂದೆ ಹೆಂಗಸರು ಪಲ್ಲವಿ ಎತ್ತಿಕೊಂಡರು, ಕೆಸರಿನಲ್ಲಿ ಕಾಲು ಕೀಳುವ ಸಪ್ಪಳವೂ ಅದರಲ್ಲಿತ್ತು. ಚಾರ್ಜರ್ ಕೊಳ್ಳಲು ಬಂದಿದ್ದ ಇಬ್ಬರು ತಿರುಗಿ ನೋಡಿದರು. ಅಷ್ಟರಲ್ಲಿ ಅಕ್ಕನ ಸರತಿ ಬಂತು.

ಫುಗ್ಗಾ ತೋಳಿನ ಪೋಲಕಾ ತೊಟ್ಟು
ಸಾಲಿಗೆ ಹೊಂಟಾನ ನನ ತಮ್ಮ
ಹುಡುಗ್ಯಾರ ಸಾಲಿನಾಗ ಮಾಸ್ತರ
ಕುಂಡ್ರಿಸ್ಯಾರ ನನ ತಮ್ಮನ್ನ

ಅದು ನಿಜ. ಎರಡನೆಯ ಇಯತ್ತೆಯ ವರ್ಷ ನನಗೆ ಅಂಗಿಯೇ ಇರಲಿಲ್ಲ. ಅಕ್ಕನ ಹಳೆಯ ಗುಲಾಬಿ ಬಣ್ಣದ ಪೋಲಕಾ ತೊಟ್ಟು ಶಾಲೆಗೆ ಹೋಗುತ್ತಿದ್ದೆ. ಅದರ ತೋಳು ಫುಗ್ಗಾದ ಹಾಗೆ ಉಬ್ಬಿರುತ್ತಿತ್ತು. ಒಂದು ದಿನ ಹೊಸದಾಗಿ ಬಂದ ಮಾಸ್ತರು ನನ್ನನ್ನು ಹುಡುಗಿ ಎಂದೇ ತಿಳಿದು ಆ ಕಡೆಯ ಸಾಲಿನಲ್ಲಿ ಕೂಡಿಸಿದ್ದರು. ನಾನು ಬಾಯಿ ಬಿಡದೆ ಸಂಜೆತನಕ ಅಲ್ಲೇ ಕುಳಿತಿದ್ದೆ. ಈ ಸಂಗತಿ ನನ್ನ ಹೆಂಡತಿಗೂ ಗೊತ್ತಿರಲಿಲ್ಲ.

ಅಂಗಡಿಯವನು ಕಿಸಕ್ಕನೆ ನಕ್ಕು, ತಮ್ಮ ಅಂದರೆ ಇವರೇನಾ ಎಂದು ಅಕ್ಕನನ್ನು ಕೇಳಿದ. ಅಕ್ಕ ಹಿಗ್ಗಿ ಹೀರೇಕಾಯಿಯಾಗಿ, ಹೌದೆಂದು ತಲೆಯಾಡಿಸಿದಳು. ನಾನು ಕೈ ಚಾಚಿ ಬಂದ್ ಮಾಡಿಬಿಟ್ಟೆ. ನುಡಿ ಅರ್ಧಕ್ಕೇ ನಿಂತಿತು. ಮುಂದೆ ಇದೆ, ಕೇಳು ಎಂದು ಅಕ್ಕ ಅಂದಳು. ದನಿ ಒಡೆಯುತ್ತಿದೆ, ಈ ಡಬ್ಬಿ ಸರಿಯಿಲ್ಲ ಎಂದೆ. ಬೆಣ್ಣೆಯಂತಿದ್ದ ಡಬ್ಬಿ ಅದು. ಅಂಗಡಿಯವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಲಿಲ್ಲ.

ಕಡೆಗೆ ಒಂದು ಕರಿಯ ಡಬ್ಬಿ ಕೊಂಡೆ. ಅದಕ್ಕೂ ಚಿಪ್ ಹಾಕುವ ಜಾಗವಿತ್ತು. ಬೆನ್ನಿಗೆ ಒಂದು ರಬ್ಬರಿನ ಮುಚ್ಚಳ, ಅದರ ಒಳಗೆ. ಅಂಗಡಿಯವನು ತೋರಿಸಲು ಬಂದಾಗ, ನನಗೆ ಗೊತ್ತಿದೆ ಎಂದು ಡಬ್ಬಿ ಕಸಿದುಕೊಂಡು ಚೀಲಕ್ಕೆ ಹಾಕಿದೆ. ಹೊರಗೆ ಬಂದ ಮೇಲೆ ಅಕ್ಕ ಕೇಳಿಯೇ ಕೇಳಿದಳು.

"ಇದು ನಮ್ಮ ಚಿಪ್ ಹಿಡಿತೈತೇನೋ?"

"ಇಲ್ಲಬೇ ಯಕ್ಕಾ. ಇದಕ್ಕ ಚಿಪ್ ಹಾಕೋ ಜಾಗಾನ ಇಲ್ಲ. ಬರೇ ಫೋನಿನಿಂದ ಹಾಡತೈತಿ."

ಆಕೆ ಚಿಪ್ಪನ್ನು ಸೆರಗಿಗೆ ಕಟ್ಟಿ ಗಂಟು ಬಿಗಿದು, ಹೋಗಲಿ ಬಿಡು, ನಿನಗೆ ಒಳ್ಳೆಯದು ಸಿಕ್ಕಿತಲ್ಲ ಎಂದಳು. ದಾರಿಯಲ್ಲಿ ಗಿರಮಿಟ್ ತಿನ್ನೋಣ ಎಂದೆ. ತಪ್ಪು ಮಾಡಿದವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆಕೆ ಹಸಿವಿಲ್ಲ ಎಂದಳು.

ಹೊರಟ ದಿನ ಬೆಳಿಗ್ಗೆ ಗದಗ ದಾಟುವುದರೊಳಗೆ ನನ್ನ ಡಬ್ಬಿ ಹೆಸರು ಮಾಡಿತು. ಏನು ದನಿ, ಏನು ದನಿ ಎಂದು ಎಲ್ಲರೂ ಹೊಗಳಿದರು. ಸಾಹೇಬರು ಹಿಂದೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ತಿರುವಿನಲ್ಲಿ ಡಬ್ಬಿ ಸೀಟಿನಿಂದ ಉರುಳುತ್ತಿದ್ದುದರಿಂದ ಸಾಹೇಬರ ಹೆಂಡತಿ ಅದನ್ನು ಅಕ್ಕನ ತೊಡೆಯ ಮೇಲೆ ಇಟ್ಟರು. ಯಲ್ಲಾಪುರದ ಕಾಡು, ಘಟ್ಟದ ಇಳಿಜಾರು ಎಲ್ಲ ಮುಗಿದು ಸಮುದ್ರ ಕಾಣುವತನಕ ಅಕ್ಕ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕುಳಿತಳು. ಕೂಸು ಹೊತ್ತು ರೂಢಿಯಿದ್ದ ಕೈ. ಯಾರದೋ ಸಿನಿಮಾ ಹಾಡುಗಳು ಆಕೆಯ ಮಡಿಲಲ್ಲಿ ಕುಣಿದವು, ಆಕೆಯ ಹಾಡು ಸೆರಗಿನ ಗಂಟಿನಲ್ಲಿತ್ತು. ನಾನು ಹಿಂದಿನ ಸೀಟಿನಿಂದ ಎರಡನ್ನೂ ನೋಡುತ್ತಿದ್ದೆ.

ನಾನು ಹೆದರಿದ್ದಂತೆ ಆಕೆ ಯಾರ ಮುಂದೆಯೂ ನನ್ನ ಮಾನ ಕಳೆಯಲಿಲ್ಲ. ಬುತ್ತಿ ಬಿಚ್ಚಿದಾಗ ಎಲ್ಲರೂ ಬೆರಳು ನೆಕ್ಕಿದರು. ಅಡ್ಡಹೆಸರಿನಿಂದ ಒಮ್ಮೆಯೂ ಕರೆಯಲಿಲ್ಲ. ಜೋರಾಗಿ ನಗಲೂ ಇಲ್ಲ. ಎರಡು ದಿನ ನಾನು ನೋಡಿದ್ದು ಅಕ್ಕನನ್ನಲ್ಲ, ಯಾರೋ ಬೇರೆ ಮನೆಗೆ ಬಂದ ಬೀಗತಿಯನ್ನು.

ಎರಡನೆಯ ದಿನ ಸಂಜೆ ಮರಳಿನ ಮೇಲೆ ಚಾಪೆ ಹಾಸಿ ಕುಳಿತಿದ್ದೆವು. ಹಾಡು ನನ್ನ ಫೋನಿನಿಂದ ಬರುತ್ತಿತ್ತು. ಬೆಳಗಿನಿಂದ ದುಡಿದ ಫೋನು ಚಾರ್ಜ್ ಮುಗಿದು ಸತ್ತಿತು, ಡಬ್ಬಿಯ ಬಾಯಿ ಕಟ್ಟಿತು. ಉಳಿದವರ ಫೋನುಗಳು ಕೋಣೆಯಲ್ಲೋ, ಫೋಟೋ ತೆಗೆಯಲು ಹೋದವರ ಕೈಯಲ್ಲೋ ಇದ್ದವು. ಸಾಹೇಬರ ಹೆಂಡತಿ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಅವರ ಉಗುರು ರಬ್ಬರಿನ ಮುಚ್ಚಳಕ್ಕೆ ಸಿಕ್ಕಿತು.

"ಯಾರ ಹತ್ರರ ಚಿಪ್ ಐತೇನ್ರಿ? ಇಲ್ಲಿ ಹಾಕಾಕ ಜಾಗಾ ಐತಿ ನೋಡ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಸುಮ್ಮನೆ ನನ್ನ ಕಾಲರ್ ಸರಿಪಡಿಸಿತು. ನನ್ನ ಹೆಂಡತಿ ಏನೂ ಅರಿಯದೆ, ಅಕ್ಕನ ಹತ್ತಿರ ಇದೆ, ಅವರೇ ಹಾಡಿದ್ದು, ಬಹಳ ಚೆನ್ನಾಗಿ ಹಾಡುತ್ತಾರೆ ಎಂದಳು. ಅಂದವಳು ತಟ್ಟನೆ ನನ್ನ ಕಡೆ ನೋಡಿದಳು. ಡಬ್ಬಿಯಲ್ಲಿ ಚಿಪ್ ಹಾಕುವ ಜಾಗವಿಲ್ಲ ಎಂದು ಅವಳಿಗೂ ನಾನೇ ಹೇಳಿದ್ದೆ. ಸಾಹೇಬರ ಹೆಂಡತಿಗೆ ಖುಷಿಯೋ ಖುಷಿ. ಹಾಕಿರಿ ಹಾಕಿರಿ, ಕೇಳೋಣ ಎಂದು ಡಬ್ಬಿಯನ್ನು ಅಕ್ಕನ ಮುಂದೆ ಹಿಡಿದರು.

ಅಕ್ಕನ ಕೈ ಸೆರಗಿನ ತುದಿಗೆ ಹೋಯಿತು. ಗಂಟು ಅಲ್ಲೇ ಇತ್ತು, ನನಗೆ ಕಾಣುತ್ತಿತ್ತು. ಆಕೆ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ನನ್ನ ಕಡೆ ನೋಡಲಿಲ್ಲ, ನೀರಿನ ಕಡೆ ನೋಡಿದಳು.

"ಇಲ್ರೀ ಅಮ್ಮಾರ. ಅದನ್ನ ಮನ್ಯಾಗ ಬಿಟ್ಟು ಬಂದೀನ್ರಿ. ಭಾಳ ಮರವು ನಂದು."

ಹಾಗಾದರೆ ಬಾಯಿಂದಲೇ ಒಂದು ಹಾಡಿರಲ್ಲ ಎಂದು ಅವರು ಬಿಡದೆ ಕೇಳಿದರು. ಘಟ್ಟದ ಗಾಳಿಗೆ ದನಿ ಕಟ್ಟಿದೆ ಎಂದಳು ಅಕ್ಕ. ಅಷ್ಟು ಹೊತ್ತೂ ನಾನು ಅಲ್ಲೇ, ಮೂರು ಮಾರು ದೂರದಲ್ಲಿ ಕುಳಿತಿದ್ದೆ. ಚಿಪ್ ಸೆರಗಿನಲ್ಲೇ ಇದೆಯಲ್ಲ ಯಕ್ಕಾ, ಹಾಕು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ನಾಚಿಕೆಯೂ ಆಗಲಿಲ್ಲ. ಹಾಯೆನಿಸಿತು. ಸದ್ಯ, ಉಳಿದೆ ಅನ್ನಿಸಿತು. ಎಷ್ಟು ಸಣ್ಣ ಮನುಷ್ಯನಾಗಿದ್ದೆ ಎಂಬುದಕ್ಕೆ ಆ ನಿಟ್ಟುಸಿರೇ ಸಾಕ್ಷಿ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಒಬ್ಬಳೇ ಎದ್ದು ನೀರಿನ ಅಂಚಿಗೆ ಹೋಗಿ ನಿಂತಳು. ಪಾದ ಮುಳುಗುವಷ್ಟು ನೀರಿನಲ್ಲಿ, ಸಸಿ ಹಚ್ಚುವವರಂತೆ ಸೀರೆಯನ್ನು ಮೊಣಕಾಲತನಕ ಎತ್ತಿ ಕಟ್ಟಿಕೊಂಡು, ತುಂಬ ಹೊತ್ತು ನಿಂತಿದ್ದಳು. ಹಾಡಿದಳೋ ಏನೋ ನನಗೆ ಗೊತ್ತಿಲ್ಲ. ಅಲೆಯ ಸಪ್ಪಳದಲ್ಲಿ ಕೇಳಿಸುತ್ತಿರಲಿಲ್ಲ, ನಾನು ಹತ್ತಿರವೂ ಹೋಗಲಿಲ್ಲ.

ನಾಚಿಕೆ ಶುರುವಾದದ್ದು ಊರಿಗೆ ಬಂದ ಮೇಲೆ. ಆಫೀಸಿನಲ್ಲಿ ಎಲ್ಲರೂ ಡಬ್ಬಿ ಹೊಗಳಿದಾಗಲೆಲ್ಲ ಯಾವುದೋ ಫೈಲು ತೆರೆದು ತಲೆ ಬಗ್ಗಿಸುತ್ತಿದ್ದೆ. ಹೆಂಡತಿ ಏನೂ ಕೇಳಲಿಲ್ಲ, ಅದು ಇನ್ನೂ ಕಷ್ಟ. ಡಬ್ಬಿಯನ್ನು ಕಪಾಟಿನ ಮೇಲಿಟ್ಟೆ. ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ತಮ್ಮನೇ ಹೋಗಿ ಅಕ್ಕನನ್ನು ತವರಿಗೆ ಕರೆತರಬೇಕು. ಈ ಸಲ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ತಪ್ಪಾಯಿತು ಎಂದು ಹೇಳಿ, ಅದನ್ನು ಆಕೆಗೇ ಕೊಟ್ಟು ಬರಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ.

ಅಕ್ಕನ ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅವಳ ಜೊತೆ ನಾಟಿಗೆ ಹೋಗುವ ಏಳೆಂಟು ಹೆಂಗಸರು ಅಲ್ಲೇ ಕುಳಿತು ಅಳ್ಳಿಟ್ಟಿನ ಉಂಡಿ ತಿನ್ನುತ್ತಿದ್ದರು. ನನ್ನನ್ನು ಕಂಡವರೇ ಎದ್ದು ಜಾಗ ಮಾಡಿದರು. ಅವರಲ್ಲಿ ಹಿರಿಯಳಾದ ಮುದುಕಿ ನನ್ನ ಗದ್ದ ಮುಟ್ಟಿ ಲಟಿಕೆ ತೆಗೆದಳು.

"ಸಮುದ್ರದ ದಂಡಿಗೆ ನಮ್ಮ ಪದಾ ಹಚ್ಚಿದ್ಯಂತಲ್ಲಪಾ. ಸಾಹೇಬ್ರ ಹೆಂಡ್ತಿ ಚಪ್ಪಾಳಿ ಹೊಡದಳಂತ. ನಿನ್ನ ಹೊಟ್ಟಿ ತಣ್ಣಗಿರ್ಲಿ."

ನಾನು ಅಕ್ಕನ ಕಡೆ ನೋಡಿದೆ. ಆಕೆ ನನಗೆ ಕೊಡಲು ತಟ್ಟೆಯಲ್ಲಿ ಉಂಡಿ ಆರಿಸುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ. ಬಸ್ಸಿನಲ್ಲಿ ಜೋಡಿಸಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಚೀಲದಿಂದ ಡಬ್ಬಿ ತೆಗೆದು, ಇದು ನಿನಗೇ ಯಕ್ಕಾ ಎಂದಷ್ಟೇ ಅಂದೆ. ಆಕೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಮುದುಕಿಯ ಜೊತೆ ಮಾತಾಡುತ್ತಲೇ, ಕಣ್ಣು ಕೆಳಗೆ ಹಾಯಿಸದೆಯೇ ಹೆಬ್ಬೆರಳಿನಿಂದ ಹಿಂದಿನ ರಬ್ಬರಿನ ಮುಚ್ಚಳ ತೆಗೆದು ಸೆರಗಿನ ಚಿಪ್ಪನ್ನು ಒಳಗೆ ಸೇರಿಸಿದಳು. ಟಿಟಿ ಗಾಡಿಯಲ್ಲಿ ಇಡೀ ದಿನ ಆ ಡಬ್ಬಿ ಅವಳ ಕೈಯಲ್ಲಿತ್ತು. ಆ ಮುಚ್ಚಳ ಅವತ್ತೇ ಅವಳ ಬೆರಳಿಗೆ ಸಿಕ್ಕಿತ್ತು.

ಡಬ್ಬಿ ಹಾಡಿತು. ಟೀಚರಿಂದ ಹೊಸದಾಗಿ ಹಿಡಿಸಿದ ಪದವಂತೆ. ಒಬ್ಬೊಬ್ಬಳೂ ತನ್ನ ತಮ್ಮನ ಕಾಲೆಳೆದಳು. ಒಬ್ಬಳ ತಮ್ಮ ಟ್ರ್ಯಾಕ್ಟರ್ ಕಲಿಯಲು ಹೋಗಿ ತಿಪ್ಪೆಗೆ ಇಳಿಸಿದ್ದ, ಇನ್ನೊಬ್ಬಳ ಅಣ್ಣ ಹೆಂಡತಿಗೆ ಹೆದರಿ ಅಟ್ಟ ಏರಿದ್ದ. ಎಲ್ಲರೂ ತೊಡೆ ಬಡಿದು ನಕ್ಕರು. ಅಕ್ಕನ ಸರತಿ ಬರುತ್ತಿದೆ ಎಂದು ನನಗೆ ಗೊತ್ತಾಯಿತು. ಈ ಸಲ ಬರಲಿ, ಇಡೀ ಊರಿಗೆ ಕೇಳಲಿ ಎಂದು ಕಿವಿಗೊಟ್ಟು ಕುಳಿತೆ. ಬಂದದ್ದು ಸಮುದ್ರ. ಉಪ್ಪು ನೀರು ಬಂತು, ಘಟ್ಟದ ತಿರುವು ಬಂತು, ಬಿಳಿಯ ಗಾಡಿ ಬಂತು, ಸಾಹೇಬರ ಹೆಂಡತಿಯ ಬಿಸಿಲು ಟೋಪಿ ಸಹ ಬಂತು. ತಮ್ಮ ಬರಲಿಲ್ಲ. ನುಡಿ ಮುಗಿದು ಪಲ್ಲವಿ ಎದ್ದಿತು.

ಮುದುಕಿಗೆ ಸಮಾಧಾನವಾಗಲಿಲ್ಲ. ತಮ್ಮ ಎದುರಿಗೇ ಬಂದು ಕುಳಿತಿದ್ದಾನೆ, ಅವನದು ಹಾಡೋಣ ಎಂದು ತಾನೇ ಫುಗ್ಗಾ ತೋಳಿನ ಎಂದು ಎತ್ತಿಕೊಂಡಳು. ಅಕ್ಕ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

"ಅದು ಬ್ಯಾಡ ಬಿಡಬೇ. ಅಂವಗ ಸೇರೂದಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಇವನಿಗೆ ಬದನೆಕಾಯಿ ಸೇರುವುದಿಲ್ಲ ಎನ್ನುವ ಹಾಗೆ ಹೇಳಿದಳು. ನಾನು ಉಂಡಿ ಮುರಿದು ಬಾಯಿಗೆ ಹಾಕಿಕೊಂಡೆ.

ಮಧ್ಯಾಹ್ನ ಅಕ್ಕನನ್ನು ಕರೆದುಕೊಂಡು ಕೊಪ್ಪಳದ ಬಸ್ಸು ಹತ್ತಿದೆ. ಕುಕನೂರು ದಾಟಿದ ಮೇಲೆ ನಾನೇ ಮಾತು ತೆಗೆದೆ. ಆ ಹಳೆಯ ಪದವನ್ನು ಇನ್ನೊಮ್ಮೆ ಹಚ್ಚು, ಪೂರ್ತಿ ಕೇಳುತ್ತೇನೆ ಎಂದೆ. ಅದನ್ನು ಅಳಿಸಿಯೇ ಹೊಸದನ್ನು ತುಂಬಿಸಿದ್ದಾರೆ, ಈಗ ಎಲ್ಲಿ ಬರಬೇಕು ಎಂದಳು.

"ಹಂಗಾರ ಬಾಯಿಲೆ ಹೇಳಬೇ ಯಕ್ಕಾ. ಪೋಲಕಾದ ನುಡಿ ಮುಂದ ಏನಿತ್ತು?"

ಅಕ್ಕ ಕಿಟಕಿಯ ಹೊರಗೆ ನೋಡಿದಳು. ಹೆಸರುಕಾಯಿ ಬಿಡಿಸುವವರು ಹೊಲದಲ್ಲಿ ಬಗ್ಗಿದ್ದರು. ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಮೆಲ್ಲಗೆ ಅಂದಳು:

"ಮರತೀನೋ ತಮ್ಮ."

ಒಂದು ಗದ್ದೆ ಮುಗಿಯುವುದರೊಳಗೆ ನೂರು ನುಡಿ ಬಾಯಿಂದಲೇ ಹಾಡುವವಳು ನನ್ನ ಅಕ್ಕ. ಅದೊಂದನ್ನೇ ಮರೆತಳಂತೆ.